ಪಾಮೀರ್ ದಾರಿಯಲ್ಲಿ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ತಜಿಕಿಸ್ತಾನದ ದುಶಾಂಬೆಯಿಂದ ಕಿರ್ಗಿಸ್ತಾನದ ಓಶ್‌ವರೆಗೆ ಪಾಮೀರ್ ಬೆಟ್ಟಗಳನ್ನು ಹಾಯ್ದು ಹೋಗುವ ಎಂ-41 ರಸ್ತೆಗೆ ಪಾಮೀರ್ ಹೆದ್ದಾರಿ ಅಂತ ಹೆಸರು. ಹೆದ್ದಾರಿ ಅನ್ನುವುದು ಸುಮ್ನೆ ಮರ್ಯಾದೆಗೆ. ಎಷ್ಟೋ ಕಡೆ ಎದುರಿಗೆ ಲಾರಿ ಬಂದರೆ ನಾವು ಇಳಿದು ಬಂಡೆಗೆ ಒರಗಿ ನಿಲ್ಲಬೇಕು. ಈ ದಾರಿಯಲ್ಲಿ ನಾನು ಎರಡು ಸಲ ಸೈಕಲ್ ತುಳಿದಿದ್ದೇನೆ. ಮೊದಲ ಸಲದ ತಪ್ಪುಗಳನ್ನು ಎರಡನೇ ಸಲ ಮಾಡಲಿಲ್ಲ, ಬೇರೆ ತಪ್ಪು ಮಾಡಿದೆ. ಹೋಗಬೇಕು ಅಂತಿರುವವರು ಕೇಳುವುದು ಹೆಚ್ಚು ಕಮ್ಮಿ ಇವೇ ಪ್ರಶ್ನೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಟ್ಟು ಎಷ್ಟು ದೂರ? ಎಷ್ಟು ದಿನ ಬೇಕು?

ಸುಮಾರು 1,250 ಕಿ.ಮೀ. ಇದರಲ್ಲಿ ಪಾಮೀರಿನ ಮುಖ್ಯ ಊರಾದ ಖೋರೋಗ್‌ನಿಂದ ಓಶ್‌ಗೆ 730 ಕಿ.ಮೀ. ಆಸುಪಾಸು. ಅಫ್ಘಾನ್ ಗಡಿಗುಂಟ ಇರುವ ವಖಾನ್ ಕಣಿವೆ ಸುತ್ತಿಕೊಂಡು ಹೋದರೆ ಇನ್ನೂ 100 ಕಿ.ಮೀ.ಗಿಂತ ಜಾಸ್ತಿ ಸೇರುತ್ತದೆ. ನಾಲ್ಕು ವಾರ ಇಟ್ಟುಕೊಳ್ಳಿ. ಮೂರು ವಾರದಲ್ಲಿ ಮುಗಿಸುವವರಿದ್ದಾರೆ, ಆದರೆ ಅವರಿಗೆ ಹೊಟ್ಟೆ ಕೆಟ್ಟಿರುವುದಿಲ್ಲ, ಎದುರುಗಾಳಿ ಸಿಕ್ಕಿರುವುದಿಲ್ಲ, ಯಾರೂ ಚಹಾಕ್ಕೆ ಕರೆದಿರುವುದಿಲ್ಲ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ದಿನಕ್ಕೆ 100 ಕಿ.ಮೀ. ತುಳಿಯುವವರು ಇಲ್ಲಿ 40-60ಕ್ಕೆ ಲೆಕ್ಕ ಹಾಕಬೇಕು.

ಯಾವ ತಿಂಗಳು ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್. ನನ್ನನ್ನು ಕೇಳಿದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್, ಜುಲೈನಲ್ಲಿ ಹಿಮ ಕರಗಿ ತೊರೆಗಳು ರಸ್ತೆ ಮೇಲೇ ಹರಿಯುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆಗೆ ಮಂಡಿಗೆ ಬರುತ್ತದೆ. ಹೀಗಾಗಿ ದೊಡ್ಡ ತೊರೆ ಎದುರಾದರೆ ಆ ರಾತ್ರಿ ಈಚೆ ದಡದಲ್ಲೇ ಮಲಗಿ, ಬೆಳಗಾಗುತ್ತಲೇ ದಾಟಿ. ಕೆಳಗಿನ ಪಂಜ್ ನದಿ ಕಣಿವೆಯಲ್ಲಿ ಜುಲೈ ಸೆಕೆ ಸುಡುತ್ತದೆ. ಅದೇ ವಾರ ಮೇಲಿನ ಬಯಲಿನಲ್ಲಿ ರಾತ್ರಿ ಬಾಟಲಿ ನೀರು ಗಟ್ಟಿಯಾಗಬಹುದು. ಎರಡಕ್ಕೂ ಬಟ್ಟೆ ಬೇಕು.

ದುಶಾಂಬೆಯಿಂದ ಶುರು ಮಾಡಲಾ, ಓಶ್‌ನಿಂದಲಾ?

ದುಶಾಂಬೆಯಿಂದ. ಎತ್ತರ ನಿಧಾನವಾಗಿ ಏರುತ್ತದೆ, ಮೈ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಖೋರೋಗ್ ಊರು 2,100-2,200 ಮೀಟರ್‌ನಲ್ಲಿದೆ, ಅಲ್ಲಿ ಎರಡು ದಿನ ಕೂತು ಸುಧಾರಿಸಿಕೊಳ್ಳಬಹುದು. ಓಶ್ ಕಡೆಯಿಂದ ಬಂದರೆ ಕಿರ್ಗಿಸ್ತಾನದ ಸಾರಿ-ತಾಶ್ ಊರಿನಿಂದ ಒಂದೆರಡು ದಿನದಲ್ಲೇ 4,280 ಮೀಟರ್ ಆಸುಪಾಸಿನ ಕಿಜಿಲ್-ಅರ್ತ್ ಪಾಸ್ (ಬೆಟ್ಟಸಾಲು ದಾಟುವ ಜಾಗ) ಹತ್ತಬೇಕು. ಆಮೇಲೆ ನೂರಾರು ಕಿ.ಮೀ. ಇಳಿಯಲು ಜಾಗವೇ ಇಲ್ಲ.

ದುಶಾಂಬೆ ಬಿಟ್ಟ ಮೇಲೆ ಪಂಜ್ ದಡದ ಕಲಾಯಿಖುಮ್ ಊರಿಗೆ ಎರಡು ದಾರಿ. ಉತ್ತರದ್ದು 3,252 ಮೀಟರ್‌ನ ಸಗಿರ್‌ದಶ್ತ್ ಪಾಸ್ ಮೇಲೆ ಹೋಗುತ್ತದೆ, ರಸ್ತೆ ಹಾಳು, ಗಾಡಿ ಕಮ್ಮಿ. ಕೂಲೋಬ್ ಮೇಲಿನ ದಕ್ಷಿಣದ್ದು ಉದ್ದ, ಡಾಂಬರು, ಲಾರಿ ಜಾಸ್ತಿ. ನನಗೆ ಉತ್ತರದ್ದು ಇಷ್ಟ. ಮೊದಲ ವಾರದಲ್ಲೇ ಸೈಕಲ್ಲಿನ ಯಾವ ನಟ್ಟು ಸಡಿಲ ಅಂತ ಗೊತ್ತಾಗಿಬಿಡುತ್ತದೆ.

ಎತ್ತರದಲ್ಲಿ ಉಸಿರು ಕಟ್ಟುತ್ತಾ? ಮಾತ್ರೆ ತಗೊಂಡರೆ ಸಾಕಾ?

ಈ ದಾರಿಯ ಅತಿ ಎತ್ತರದ ಜಾಗ ಮುರ್ಗಾಬ್ ಊರಿನ ಉತ್ತರಕ್ಕಿರುವ ಅಕ್-ಬೈತಾಲ್ ಪಾಸ್, 4,655 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತುಳಿಯುವುದು ಹಾಗಿರಲಿ, ಶೂ ಲೇಸ್ ಕಟ್ಟಿ ಎದ್ದರೂ ಏದುಸಿರು.

ಹಗಲು ಎಷ್ಟು ಎತ್ತರ ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಕೂರಬೇಕು. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಸಲ್ಫಾ ಅಲರ್ಜಿ ಇದ್ದವರು ಇದ್ದಾರೆ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ತಲೆನೋವು, ಊಟ ಸೇರದಿರುವುದು ಬಂದರೆ ಅಲ್ಲೇ ನಿಲ್ಲಿ. ನೆಟ್ಟಗೆ ನಡೆಯಲು ಆಗುತ್ತಿಲ್ಲ, ಕೂತಲ್ಲೇ ಉಸಿರು ಸಾಲುತ್ತಿಲ್ಲ, ಮಾತು ತಡವರಿಸುತ್ತಿದೆ ಅಂದರೆ ಕಾಯುವ ಮಾತೇ ಇಲ್ಲ, ಗಾಡಿ ಹಿಡಿದು ಕೆಳಗಿಳಿಯಬೇಕು.

ಜನ ಮರೆಯುವ ವಿಷಯ ಒಂದಿದೆ. ಬೇರೆ ಬೆಟ್ಟಗಳಲ್ಲಿ ಪಾಸ್ ದಾಟಿದರೆ ಆಚೆ ಕಡೆ ಕಣಿವೆ ಸಿಗುತ್ತದೆ. ಪೂರ್ವ ಪಾಮೀರ್ ಹಾಗಲ್ಲ. ಮುರ್ಗಾಬ್ ಊರೇ 3,600 ಮೀಟರ್‌ನಲ್ಲಿದೆ, ಅಲಿಚೂರ್ ಅದಕ್ಕಿಂತ ಮೇಲೆ. ಮುರ್ಗಾಬ್‌ನಲ್ಲಿ ಆರೋಗ್ಯ ಕೆಟ್ಟರೆ ಖೋರೋಗ್ 310 ಕಿ.ಮೀ. ದೂರ. ಹಾಗಾಗಿ ಹುಷಾರಿಲ್ಲದಿದ್ದರೆ ಮೇಲಿನ ಬಯಲಿಗೆ ಹತ್ತಲೇಬೇಡಿ.

ವೀಸಾ, ಪರ್ಮಿಟ್?

ತಜಿಕಿಸ್ತಾನದ ಇ-ವೀಸಾ ಅರ್ಜಿಯಲ್ಲೇ ಗೋರ್ನೊ-ಬದಖ್‌ಶಾನ್ ಪ್ರದೇಶದ ಪರ್ಮಿಟ್ ಕೂಡ ಕೇಳಿಕೊಳ್ಳಬಹುದು. ಅದು ಇಲ್ಲದೆ ಪಾಮೀರ್ ಒಳಗೆ ಬಿಡುವುದಿಲ್ಲ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್‌ಗಳಿವೆ. ಸೈನಿಕ ಹುಡುಗರು ದಪ್ಪ ಪುಸ್ತಕದಲ್ಲಿ ನಿಧಾನವಾಗಿ ಹೆಸರು ಬರೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್, ವೀಸಾ, ಪರ್ಮಿಟ್ ಮೂರರದೂ ಹತ್ತು ಹತ್ತು ಜೆರಾಕ್ಸ್ ಇಟ್ಟುಕೊಂಡರೆ ಅರ್ಧ ಗಂಟೆ ಉಳಿಯುತ್ತದೆ.

ಕಿರ್ಗಿಸ್ತಾನದ ಕಡೆಗೆ ಹುಷಾರು. ಎರಡು ದೇಶಗಳ ಗಡಿ ಜಗಳದಿಂದ 2021ರಿಂದ ಗಡಿ ಸಾಮಾನ್ಯ ಓಡಾಟಕ್ಕೆ ಮುಚ್ಚಿತ್ತು. 2025ರ ಮಾರ್ಚ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಆದರೂ ನಿಮ್ಮ ಇ-ವೀಸಾ ಕಿಜಿಲ್-ಅರ್ತ್ ಆಚೆಯ ಬೋರ್-ದೋಬೋ ಠಾಣೆಯಲ್ಲಿ ನಡೆಯುತ್ತದೆಯೇ ಅಂತ ಹೊರಡುವ ಮೊದಲು ಖಚಿತ ಮಾಡಿಕೊಳ್ಳಿ. ಎರಡು ಠಾಣೆಗಳ ನಡುವೆ 20 ಕಿ.ಮೀ.ಯಷ್ಟು ಯಾರದೂ ಅಲ್ಲದ ನೆಲ. ಅಷ್ಟು ದೂರ ಕೆಸರಲ್ಲಿ ಇಳಿದು ಹೋಗಿ, ಆಗಲ್ಲ ಅನ್ನಿಸಿಕೊಂಡು ವಾಪಸ್ ಹತ್ತುವುದು ಯಾರಿಗೂ ಬೇಡ.

ಯಾವ ಸೈಕಲ್?

ಕಬ್ಬಿಣದ ಫ್ರೇಮು, ಎರಡು ಇಂಚು ಅಗಲದ ಟೈರು, 36 ಕಡ್ಡಿಯ ಹಿಂದಿನ ಚಕ್ರ, ಗಟ್ಟಿ ಕ್ಯಾರಿಯರ್. ಹಳೆಯ ಮೌಂಟನ್ ಬೈಕ್ ಆದರೂ ಸರಿ. ಅಷ್ಟು ದುಡ್ಡು ಹಾಕಿ ಹೊಸದೇ ತಗೋಬೇಕು ಅಂತೇನಿಲ್ಲ.

ಆದರೆ ಗೇರ್ ವಿಷಯದಲ್ಲಿ ರಾಜಿ ಬೇಡ. ಲೆಕ್ಕ ನೋಡಿ. ಮುಂದೆ 26 ಹಲ್ಲು, ಹಿಂದೆ 36 ಹಲ್ಲಿನ ಗೇರ್ ಚಕ್ರ ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಮುಕ್ಕಾಲು ಸುತ್ತಿಗಿಂತ ಸ್ವಲ್ಪ ಕಮ್ಮಿ ತಿರುಗುತ್ತದೆ, ಸೈಕಲ್ ಸುಮಾರು ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದೂವರೆ ಕಿ.ಮೀ. ಅಂದರೆ ನಡಿಗೆಗಿಂತ ಒಂಚೂರು ಜೋರು. ಅಕ್-ಬೈತಾಲ್‌ನ ಕೊನೆಯ ಏರಿನಲ್ಲಿ ನನಗೆ ಅದೂ ಜಾಸ್ತಿಯಾಗಿತ್ತು. ಮೊದಲ ಸಲ ಮುಂದೆ 30 ಹಲ್ಲಿನದು ಹಾಕಿಕೊಂಡು ಹೋಗಿದ್ದೆ. ಅರ್ಧ ಪಾಸ್ ತಳ್ಳಿಕೊಂಡೇ ಹತ್ತಿದೆ. ತಳ್ಳುವುದು ಅವಮಾನ ಅಲ್ಲ ಬಿಡಿ, ಆದರೆ 40 ಕೆ.ಜಿ. ತಳ್ಳಿದರೆ ಮಾರನೇ ದಿನ ಕಾಲಿಗಿಂತ ಭುಜ ನೋಯುತ್ತದೆ.

ದಾರಿಯಲ್ಲಿ ಏನು ಮುರಿಯುತ್ತದೆ?

ಟೈರಿಗಿಂತ ಮೊದಲು ಬೋಲ್ಟುಗಳು ಕೈಕೊಡುತ್ತವೆ. ಮೇಲಿನ ಬಯಲಿನಲ್ಲಿ ರಸ್ತೆ ಮೈಲುಗಟ್ಟಲೆ ಸಿಮೆಂಟ್ ಶೀಟಿನ ಹಾಗೆ ಅಲೆ ಅಲೆ. ಅದರ ಮೇಲೆ ದಿನವಿಡೀ ಹೋದರೆ ಕ್ಯಾರಿಯರಿನ ಬೋಲ್ಟು ತಾನಾಗಿ ತಿರುಗಿ ಬಿದ್ದುಹೋಗುತ್ತದೆ. ಹೊರಡುವ ಮೊದಲು ಪ್ರತಿ ಬೋಲ್ಟಿಗೂ ಥ್ರೆಡ್‌ಲಾಕ್ ಅಂಟು ಹಚ್ಚಿ. ಪ್ರತಿ ಸಂಜೆ ಟೆಂಟು ಹಾಕಿದ ಮೇಲೆ ಒಂದು ಸುತ್ತು ಪಾನಾ ಹಾಕಿ ನೋಡಿ.

ಆಮೇಲೆ ಹಿಂದಿನ ಚಕ್ರದ ಬಲಗಡೆ ಕಡ್ಡಿ. ಗೇರ್ ಚಕ್ರಗಳಿಗೆ ಜಾಗ ಬಿಡಲು ಆ ಕಡೆ ಕಡ್ಡಿಗಳನ್ನು ಹೆಚ್ಚು ಬಿಗಿ ಮಾಡಿರುತ್ತಾರೆ, ಭಾರವೂ ಹಿಂದೆಯೇ. ಸರಿಯಾದ ಅಳತೆಯ ಆರು ಕಡ್ಡಿ, ಗೇರ್ ಚಕ್ರ ಬಿಚ್ಚುವ ಟೂಲು ಇರಲಿ. ಬರೀ ಕಡ್ಡಿ ಇದ್ದು ಟೂಲು ಇಲ್ಲದಿದ್ದರೆ ಪ್ರಯೋಜನ ಇಲ್ಲ, ಇದು ಅನುಭವದ ಮಾತು. ಚೈನಿನ ಒಂದೆರಡು ಜೋಡಿ ಕೊಂಡಿ, ಬ್ರೇಕ್ ಪ್ಯಾಡ್, ಗೇರ್ ಬದಲಿಸುವ ಡಿರೇಲರ್ ನೇತುಹಾಕುವ ಹ್ಯಾಂಗರ್, ಒಂದು ಮಡಚುವ ಟೈರು, ಇವಿಷ್ಟು ಸಾಕು. ವೆಲ್ಡಿಂಗ್ ಮಾಡುವವರು ಖೋರೋಗ್, ಮುರ್ಗಾಬ್ ಎರಡೂ ಕಡೆ ಸಿಗುತ್ತಾರೆ. ಕಬ್ಬಿಣ ಅಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಅಲ್ಯೂಮಿನಿಯಂ ತೋರಿಸಿದರೆ ತಲೆ ಅಲ್ಲಾಡಿಸುತ್ತಾರೆ.

ಊಟ ಎಲ್ಲಿ ಸಿಗುತ್ತದೆ?

ಕೆಳಗಿನ ಕಣಿವೆಗಳಲ್ಲಿ ಪ್ರತಿ ದಿನ ಒಂದಾದರೂ ಅಂಗಡಿ ಸಿಗುತ್ತದೆ. ಬಿಸ್ಕತ್ತು, ಪಾಸ್ತಾ, ಮೀನಿನ ಡಬ್ಬಿ, ಸಕ್ಕರೆ ಮಿಠಾಯಿ. ಬೇಸಿಗೆಯಲ್ಲಿ ಆಪ್ರಿಕಾಟ್, ಹಿಪ್ಪುನೇರಳೆ ಹಣ್ಣು. ವಖಾನ್‌ನಲ್ಲಿ ಗೋಧಿ, ಆಲೂಗೆಡ್ಡೆ ಬೆಳೆಯುತ್ತಾರೆ.

ವಖಾನ್ ಕಣಿವೆಯ ಲಂಗರ್ ಊರು ಬಿಟ್ಟು 4,344 ಮೀಟರ್‌ನ ಖರ್ಗುಶ್ ಪಾಸ್ ಕಡೆಗೆ ಹತ್ತಿದರೆ ಅಲಿಚೂರ್ ತನಕ 100 ಕಿ.ಮೀ.ಗಿಂತ ಜಾಸ್ತಿ ದೂರ ಊರಿಲ್ಲ, ಅಂಗಡಿಯಿಲ್ಲ. ನಾಲ್ಕು ದಿನದ ಊಟ ಲಂಗರ್ ತಲುಪುವ ಮೊದಲೇ ಚೀಲದಲ್ಲಿರಬೇಕು. ಅಲಿಚೂರ್, ಮುರ್ಗಾಬ್, ಕರಾಕುಲ್‌ಗಳಲ್ಲಿ ನೆಲದಲ್ಲಿ ಏನೂ ಬೆಳೆಯುವುದಿಲ್ಲ ಅಂದರೂ ನಡೆಯುತ್ತದೆ. ಯಾಕ್, ಕುರಿ, ಹಾಲು ಬಿಟ್ಟರೆ ಹಿಟ್ಟು, ಅಕ್ಕಿ, ಈರುಳ್ಳಿ ಎಲ್ಲ ಲಾರಿಯಲ್ಲೇ ಬರಬೇಕು. ಮುರ್ಗಾಬ್ ಬಜಾರು ಅಂದರೆ ಸಾಲಾಗಿ ನಿಲ್ಲಿಸಿದ ಹಳೇ ಕಂಟೇನರ್‌ಗಳು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮುಂದಿನ ಪ್ರಶ್ನೆ ಓದಿ.

ಮನೆಗೆ ಕರೆಯುತ್ತಾರಂತೆ. ಹೋಗಬಹುದಾ?

ಹೋಗಿ. ಆದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ.

ಮೊದಲ ಸಲ ನಾನು ಊಟದ ಲೆಕ್ಕ ತಪ್ಪಿದ್ದೆ. ಖರ್ಗುಶ್ ಇಳಿದು ಬರುವಷ್ಟರಲ್ಲಿ ಚೀಲದಲ್ಲಿ ಒಂದು ಹಿಡಿ ಒಣ ಆಪ್ರಿಕಾಟ್ ಉಳಿದಿತ್ತು. ಅಲಿಚೂರ್ ಕಡೆಗೆ ಒಂಟಿ ಮನೆ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಕೈ ಎದೆ ಮೇಲಿಟ್ಟು ‘ಚಾಯ್’ ಅಂದರು. ಒಳಗೆ ಬೆರಣಿ ಒಲೆ, ಕೆಂಪು ಕಂಬಳಿ. ನೆಲದ ಮೇಲೆ ಬಟ್ಟೆ ಹಾಸಿ ಗುಂಡನೆಯ ರೊಟ್ಟಿ ಮುರಿದು ಹರಡಿದರು. ಒಂದು ಬಟ್ಟಲು ಯಾಕ್ ಹಾಲಿನ ಕೆನೆ, ಆಮೇಲೆ ಶೀರ್ ಚಾಯ್. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ ಅದು, ಅದರಲ್ಲೇ ರೊಟ್ಟಿ ನೆನೆಸಿ ತಿನ್ನುವುದು. ನಾನು ತಿಂದೆ. ರೊಟ್ಟಿ ಮುಗಿಯಿತು, ಇನ್ನೊಂದು ಬಂತು. ಅದನ್ನೂ ಮುಕ್ಕಾಲು ತಿಂದೆ. ಮೂಲೆಯಲ್ಲಿ ಇಬ್ಬರು ಮಕ್ಕಳು ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು. ಹೊಸಬ ಅಂತ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ನಾನು ಸಾಕು ಅಂತ ಹಿಂದೆ ಸರಿದ ಕೂಡಲೇ ಇಬ್ಬರೂ ಬಂದು ಉಳಿದ ಕಾಲು ರೊಟ್ಟಿಯನ್ನು ಎರಡು ಮಾಡಿಕೊಂಡರು. ಬಟ್ಟಲ ತಳದ ಕೆನೆಯನ್ನು ಬೆರಳಲ್ಲಿ ಬಳಿದರು. ಅತಿಥಿ ಮುಗಿಸುವ ತನಕ ಅವರು ಮುಟ್ಟುವ ಹಾಗಿರಲಿಲ್ಲ.

ಆ ಹೆಂಗಸಿನ ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ನನಗೆ ಮಾತ್ರ ಮುಂದಿನ 20 ಕಿ.ಮೀ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು.

ಎರಡನೇ ಸಲ ಒಂದು ಪದ್ಧತಿ ಮಾಡಿಕೊಂಡೆ. ಎರಡು ದಿನದ ಊಟ ಯಾವಾಗಲೂ ಹೆಚ್ಚು. ಮನೆಯೊಳಗೆ ಹೋಗುವಾಗಲೇ ಚಹಾ ಪೊಟ್ಟಣ, ಸಕ್ಕರೆ, ಅರ್ಧ ಕೆ.ಜಿ. ಈರುಳ್ಳಿ, ಏನಾದರೊಂದು ಬಟ್ಟೆಯ ಮೇಲೆ ಇಟ್ಟುಬಿಡುವುದು. ಮೇಲಿನ ಊರುಗಳಲ್ಲಿ ಹಣ್ಣು, ತರಕಾರಿಗೆ ಇರುವ ಬೆಲೆ ಚಾಕೊಲೇಟಿಗಿಲ್ಲ. ಖೋರೋಗ್‌ನಿಂದ ಹೊತ್ತು ತಂದ ನಾಲ್ಕು ಸೇಬಿಗೆ ಮುರ್ಗಾಬ್ ಹತ್ತಿರದ ಒಬ್ಬ ಅಜ್ಜಿ ನನ್ನ ತಲೆ ಸವರಿದ್ದರು. ಬಡಿಸಿದ್ದರಲ್ಲಿ ಅರ್ಧ ತಿಂದು ನಿಲ್ಲಿಸಿ. ಒಂದೆರಡು ಸಲ ಒತ್ತಾಯ ಮಾಡುತ್ತಾರೆ, ಕೈ ಎದೆ ಮೇಲಿಟ್ಟು ಬೇಡ ಅನ್ನಿ, ತಪ್ಪು ತಿಳಿಯುವುದಿಲ್ಲ.

ರೊಟ್ಟಿಯನ್ನು ಬೋರಲು ಹಾಕಬಾರದು, ನೆಲಕ್ಕೆ ಇಡಬಾರದು, ಚೂರು ಚೆಲ್ಲಬಾರದು. ಶೂ ಬಾಗಿಲಲ್ಲೇ ಬಿಡಬೇಕು. ಪಶ್ಚಿಮದ ಪಾಮೀರಿ ಮನೆಗಳಲ್ಲಿ ಐದು ಕಂಬ ಇರುತ್ತವೆ. ಅವು ಪೈಗಂಬರ್ ಮಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಹೆಸರಿನವು. ಮೇಲೆ ನಾಲ್ಕು ಚೌಕ ಒಂದರೊಳಗೊಂದು ಕೂರಿಸಿದ ಬೆಳಕಿಂಡಿ. ಕೇಳಿದರೆ ಖುಷಿಯಿಂದ ಒಂದೊಂದೂ ತೋರಿಸುತ್ತಾರೆ. ಇಲ್ಲಿನ ಹೆಚ್ಚಿನವರು ಆಗಾ ಖಾನ್ ಅವರನ್ನು ಗುರುವಾಗಿ ನಂಬುವ ಇಸ್ಮಾಯಿಲಿಗಳು, ಶಿಯಾ ಮುಸ್ಲಿಮರ ಒಂದು ಪಂಗಡ.

ದುಡ್ಡು ಕೊಟ್ಟರೆ ತಗೊಳ್ಳುವುದಿಲ್ಲವಂತೆ?

ಬೋರ್ಡು ಹಾಕಿದ ಹೋಂಸ್ಟೇಗಳಲ್ಲಿ ತಗೊಳ್ಳುತ್ತಾರೆ. ಅಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿ ಒಬ್ಬರಿಗೆ ಇಷ್ಟು ಅಂತ ಇರುತ್ತದೆ. ದಯವಿಟ್ಟು ಚೌಕಾಸಿ ಮಾಡಬೇಡಿ. ಸಾವಿರಾರು ರೂಪಾಯಿಯ ಟೆಂಟು ಸೈಕಲ್ಲಿಗೆ ಕಟ್ಟಿಕೊಂಡು ಬಂದವರು ಎರಡು ಡಾಲರ್‌ಗೆ ಜಗ್ಗಾಡುವುದನ್ನು ನೋಡಿದ್ದೇನೆ, ನೋಡುವವರಿಗೆ ನಾಚಿಕೆ.

ಬೋರ್ಡಿಲ್ಲದ ಮನೆಯಲ್ಲಿ ಮೊದಲು ಬೇಡ ಅನ್ನುತ್ತಾರೆ. ‘ಮೆಹ್ಮೋನ್’ ಅನ್ನುತ್ತಾರೆ, ಅಂದರೆ ಅತಿಥಿ, ನಮ್ಮ ಕಡೆ ಕೇಳುವ ಮೆಹಮಾನ್ ಪದವೇ. ಕೈಗೆ ತುರುಕಬೇಡಿ, ಯಜಮಾನರ ಮುಂದೆ ಎಣಿಸಬೇಡಿ. ಹೊರಡುವಾಗ ಮನೆಯ ಹಿರಿಯ ಹೆಂಗಸಿಗೆ ‘ಮಕ್ಕಳಿಗೆ’ ಅಂತ ಸನ್ನೆ ಮಾಡಿ ಕೊಡಿ, ಅಥವಾ ಚಹಾ ಬಟ್ಟಲ ಕೆಳಗೆ ಇಟ್ಟುಬಿಡಿ. ಈ ಉಪಾಯ ನನಗೆ ಕೆಲಸ ಮಾಡಿದೆ. ಒಂದೇ ಒಂದು ಮನೆಯಲ್ಲಿ ಹುಡುಗ ಓಡಿ ಬಂದು ನೋಟು ವಾಪಸ್ ಕೊಟ್ಟು ಹೋದ.

ಮಕ್ಕಳಿಗೆ ಪೆನ್ನು, ಚಾಕೊಲೇಟ್ ಹಂಚಲಾ?

ರಸ್ತೆಯಲ್ಲಿ ಬೇಡ. ವಖಾನ್ ಹಳ್ಳಿಗಳಲ್ಲಿ ಮಕ್ಕಳು ಓಡಿ ಬರುವುದು ‘ಹಲೋ’ ಅಂತ ಕೈ ತಟ್ಟಿಸಿಕೊಳ್ಳಲು. ಅದು ಹಾಗೇ ಇರಲಿ. ಒಬ್ಬರು ಮಿಠಾಯಿ ಎಸೆದು ಹೋದರೆ ಮುಂದಿನ ಹತ್ತು ಸೈಕಲ್ಲುಗಳ ಹಿಂದೆ ಕೈ ಚಾಚಿ ಓಡುವುದು ಶುರುವಾಗುತ್ತದೆ. ಏನಾದರೂ ಕೊಡಲೇಬೇಕು ಅಂದರೆ ಊರಿನ ಶಾಲೆಯ ಮೇಷ್ಟ್ರ ಕೈಗೆ ಕೊಡಿ.

ನಾನು ಸಸ್ಯಾಹಾರಿ. ಆಗುತ್ತಾ?

ಕೆಳಗೆ ಆಗುತ್ತದೆ, ಮೇಲೆ ಕಷ್ಟ. ತಜಿಕ್‌ನಲ್ಲಿ ‘ಬೇ ಗೂಷ್ತ್’ ಅಂದರೆ ಮಾಂಸ ಬೇಡ ಅಂತ. ಆದರೆ ಅವರ ಲೆಕ್ಕದಲ್ಲಿ ತುಂಡು ತೆಗೆದರೆ ಮುಗಿಯಿತು, ಸಾರು ಅದೇ ಸಾರು. ಮೊಟ್ಟೆ ತಿನ್ನುವವರಾದರೆ ಬಚಾವ್. ಇಲ್ಲದಿದ್ದರೆ ರೊಟ್ಟಿ, ಮೊಸರು, ಕೆನೆ, ಆಲೂಗೆಡ್ಡೆ. ನೀವೇ ಅಡುಗೆ ಮಾಡಿಕೊಳ್ಳುವುದಾದರೆ ಕಡಲೆ, ರಾಜ್ಮಾ ಹೊತ್ತುಕೊಂಡು ಹೋಗಬೇಡಿ. ಮುರ್ಗಾಬ್ ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಕಲ್ಲೇ. ತೆಳು ಅವಲಕ್ಕಿ, ಶ್ಯಾವಿಗೆ, ಹುರಿದ ಹಿಟ್ಟು, ಕೆಂಪು ಮಸೂರ ಬೇಳೆ ಸರಿ.

ಸ್ಟವ್ ಯಾವುದು?

ಪೆಟ್ರೋಲ್ ಮೇಲೆ ಉರಿಯುವಂಥದ್ದು. ಗ್ಯಾಸ್ ಡಬ್ಬಿ ದುಶಾಂಬೆ, ಓಶ್ ಬಿಟ್ಟರೆ ಸಿಗುವುದೆಂಬ ನಂಬಿಕೆ ಬೇಡ, ವಿಮಾನದಲ್ಲಿ ತರುವ ಹಾಗಿಲ್ಲ. ಪೆಟ್ರೋಲ್ ಹಳ್ಳಿಗಳಲ್ಲಿ ಬಕೆಟ್‌ನಿಂದ ಅಳೆದು ಕೊಡುತ್ತಾರೆ. ಕಸ ಜಾಸ್ತಿ, ಸ್ಟವ್ ಮೂತಿ ಚುಚ್ಚುವ ಸೂಜಿ ಮರೆಯಬೇಡಿ. ಸೌದೆ ಹುಡುಕಲು ಹೋಗಬೇಡಿ. ಬಯಲಲ್ಲಿ ಕಾಣುವ ತೆರೆಸ್ಕೆನ್ ಅನ್ನುವ ಗಿಡ್ಡ ಪೊದೆ ಅಲ್ಲಿನವರ ಚಳಿಗಾಲದ ಉರುವಲು, ಬೆಳೆಯಲು ವರ್ಷಗಟ್ಟಲೆ ಬೇಕು. ನಿಮ್ಮ ಕ್ಯಾಂಪ್‌ಫೈರ್ ಮೋಜಿಗೆ ಅದನ್ನು ಕೀಳುವುದು ಸರಿಯಲ್ಲ.

ನೀರು, ಹೊಟ್ಟೆ?

ಪ್ರತಿ ತೊರೆಯ ಮೇಲ್ಗಡೆ ಕುರಿಯೋ ಯಾಕೋ ಇದ್ದೇ ಇರುತ್ತದೆ ಅಂದುಕೊಳ್ಳಿ. ಫಿಲ್ಟರ್ ಬೇಕು. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ, ಒಳಗಿನ ನೀರು ಗಟ್ಟಿಯಾದರೆ ಫಿಲ್ಟರ್ ಹಾಳು. ಕರಾಕುಲ್ ಕೆರೆ ಉಲ್ಕೆ ಬಿದ್ದು ಆದ ಹೊಂಡದಲ್ಲಿದೆ, ನೋಡಲು ಬಲು ಚೆಂದ, ಆದರೆ ಹೊರಗೆ ಹರಿಯದ ಉಪ್ಪು ನೀರು. ಊರಿನ ಬಾವಿಯಲ್ಲಿ ತುಂಬಿಸಿಕೊಳ್ಳಿ.

ಹೊಟ್ಟೆ ಒಂದು ಸಲವಾದರೂ ಕೆಡುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಯುತ್ತಿರಿ. ಭೇದಿಯಲ್ಲಿ ರಕ್ತ, ಜ್ವರ ಕಂಡರೆ ತುಳಿಯುವುದು ನಿಲ್ಲಿಸಿ ಖೋರೋಗ್ ಕಡೆಗೆ ಗಾಡಿ ನೋಡಿ.

ಟೆಂಟು ಎಲ್ಲಿ ಬೇಕಾದರೂ ಹಾಕಬಹುದಾ?

ಮೇಲಿನ ಬಯಲಿನಲ್ಲಿ ಹೆಚ್ಚುಕಮ್ಮಿ ಹೌದು. ಪಂಜ್ ನದಿಯ ಪಕ್ಕ ಖಂಡಿತ ಬೇಡ. ನದಿ ಆಚೆ ಅಫ್ಘಾನಿಸ್ತಾನ. ಕೆಲವು ಕಡೆ ಎಷ್ಟು ಹತ್ತಿರ ಅಂದರೆ ಆಚೆ ದಡದ ಕತ್ತೆ ಕಿರುಚುವುದು ಕೇಳುತ್ತದೆ. ಗಡಿ ಸೈನಿಕರು ರಾತ್ರಿ ಗಸ್ತು ಹೊಡೆಯುತ್ತಾರೆ, ಎಬ್ಬಿಸಿ ಕಳಿಸುತ್ತಾರೆ. ಅದಕ್ಕಿಂತ ಮುಖ್ಯ, ಗಡಿಯ ಕೆಲವು ಜಾಗಗಳಲ್ಲಿ ನೆಲಬಾಂಬ್ ಇನ್ನೂ ಉಳಿದಿವೆ. ಕೆಂಪು ಫಲಕ ಕಂಡರೆ ಮೂತ್ರಕ್ಕೂ ರಸ್ತೆ ಬಿಟ್ಟು ಇಳಿಯಬೇಡಿ. ಆ ಕಡೆ ಹಳ್ಳಿಯಲ್ಲಿ ಯಾರದಾದರೂ ತೋಟ ಕೇಳಿ ಮಲಗುವುದೇ ಒಳ್ಳೆಯದು.

ಭಾಷೆ ಬರದೆ ಹೇಗೆ?

ತಜಿಕ್ ಅಂದರೆ ರಷ್ಯನ್ ಲಿಪಿಯಲ್ಲಿ ಬರೆಯುವ ಪಾರ್ಸಿ. ಹಿಂದಿ, ಉರ್ದು ಅಲ್ಪಸ್ವಲ್ಪ ಕಿವಿಗೆ ಬಿದ್ದಿದ್ದರೆ ಯಕ್, ದು, ಸೆ, ಚೋರ್, ಪಂಜ್ ಅಂತ ಎಣಿಸುವುದು ಒಂದೇ ದಿನಕ್ಕೆ ಬರುತ್ತದೆ. ನೋನ್ ಅಂದರೆ ರೊಟ್ಟಿ, ಓಬ್ ಅಂದರೆ ನೀರು, ದೂಸ್ತ್ ಅಂದರೆ ಗೆಳೆಯ. ಖೋರೋಗ್ ಸುತ್ತ ಮನೆಮಾತು ಶುಗ್ನಿ, ವಖಾನ್‌ನಲ್ಲಿ ವಖಿ, ಮುರ್ಗಾಬ್ ಕಡೆ ಕಿರ್ಗಿಜ್. ‘ರಹ್ಮತ್’ ಅಂದರೆ ಎಲ್ಲರಿಗೂ ಥ್ಯಾಂಕ್ಸ್ ಅಂತ ಅರ್ಥವಾಗುತ್ತದೆ. ರಷ್ಯನ್ ಬಂದರೆ ಇನ್ನೂ ಸಲೀಸು.

ಅಲ್ಲಿ ಇಷ್ಟು ಬಡತನ ಯಾಕೆ?

ನೆಲ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗೋರ್ನೊ-ಬದಖ್‌ಶಾನ್ ದೇಶದ ಸುಮಾರು ಅರ್ಧದಷ್ಟು ನೆಲ, ಆದರೆ ಅಲ್ಲಿರುವವರು ನೂರರಲ್ಲಿ ಮೂವರೂ ಇಲ್ಲ. ಉಳಿದರ್ಧ ಉತ್ತರ ಚರಿತ್ರೆಯಲ್ಲಿದೆ. ಖೋರೋಗ್-ಓಶ್ ರಸ್ತೆಯನ್ನು ಸೋವಿಯತ್ ಸರ್ಕಾರ 1930ರ ದಶಕದಲ್ಲಿ ಸೈನ್ಯದ ಓಡಾಟಕ್ಕೆ ಮಾಡಿದ್ದು. ಗಡಿಯ ನೆಲ ಅಂತ ಇಲ್ಲಿಗೆ ಹಿಟ್ಟು, ಕಲ್ಲಿದ್ದಲು, ಸಂಬಳ ಎಲ್ಲ ಹೊರಗಿನಿಂದ ಬರುತ್ತಿತ್ತು. 1991ರಲ್ಲಿ ಆ ದೇಶವೇ ಹೋಯಿತು. 1992ರಿಂದ 1997ರವರೆಗೆ ಒಳಯುದ್ಧ. ರಸ್ತೆ ಬಂದ್ ಆಗಿ ಜನ ಹಸಿವಿಗೆ ಸಿಕ್ಕಿದಾಗ ಆಗಾ ಖಾನ್ ಪ್ರತಿಷ್ಠಾನ ಓಶ್ ಕಡೆಯಿಂದ ಲಾರಿಗಳಲ್ಲಿ ಹಿಟ್ಟು ಸಾಗಿಸಿತು. ಅದನ್ನು ಇವತ್ತಿಗೂ ನೆನೆಯುತ್ತಾರೆ. ಈಗ ಎಷ್ಟೋ ಮನೆಗಳಲ್ಲಿ ಅಜ್ಜ, ಅಜ್ಜಿ, ಸೊಸೆ, ಮಕ್ಕಳು ಮಾತ್ರ. ದುಡಿಯುವ ಗಂಡಸು ರಷ್ಯಾದಲ್ಲಿ.

ಸೇಫಾ? ಹೆಂಗಸರು ಒಬ್ಬರೇ ಹೋಗಬಹುದಾ?

ಮುಚ್ಚಿಡುವುದು ಬೇಡ. 2018ರ ಜುಲೈ 29ರಂದು ದಂಗಾರಾ ಜಿಲ್ಲೆಯಲ್ಲಿ ನಾಲ್ವರು ವಿದೇಶಿ ಸೈಕಲ್ ಪ್ರವಾಸಿಗಳನ್ನು ಕೊಂದರು. ಅದು ಪಾಮೀರ್ ಅಲ್ಲ, ದುಶಾಂಬೆಗೆ ಹತ್ತಿರದ ಬಯಲು ಸೀಮೆ, ಆದರೆ ಅದೇ ದಾರಿ. 2021ರ ನವೆಂಬರ್‌ನಲ್ಲಿ ಖೋರೋಗ್‌ನಲ್ಲಿ ಗಲಭೆಯಾಗಿ ತಿಂಗಳುಗಟ್ಟಲೆ ಇಂಟರ್ನೆಟ್ ಇರಲಿಲ್ಲ. 2022ರ ಮೇನಲ್ಲಿ ಮತ್ತೆ ರಕ್ತ ಹರಿಯಿತು. ಅಲ್ಲಿನವರ ಜೊತೆ ರಾಜಕೀಯ ತೆಗೆಯಬೇಡಿ. ನೀವು ಮುಂದಿನ ಊರಿಗೆ ಹೋಗುತ್ತೀರಿ, ಅವರು ಅಲ್ಲೇ ಇರಬೇಕು.

ಇದನ್ನು ಬಿಟ್ಟರೆ ನನಗೆ ಜನರಿಂದ ಹೆದರಿಕೆ ಆಗಿಲ್ಲ. ಒಬ್ಬರೇ ತುಳಿಯುವ ಹೆಂಗಸರು ದಾರಿಯಲ್ಲಿ ಸಿಕ್ಕಿದ್ದಾರೆ. ಪಾಮೀರಿ ಮನೆಗಳಲ್ಲಿ ಹೆಂಗಸರು ಅತಿಥಿಗಳ ಜೊತೆ ಕೂತು ಮಾತಾಡುತ್ತಾರೆ, ಅವರ ಜೊತೆಯೇ ಉಳಿದುಕೊಂಡರೆ ನಿರಾಳ ಅಂತ ಅವರು ಹೇಳಿದ್ದು. ನನ್ನ ಅನುಭವದಲ್ಲಿ ದೊಡ್ಡ ಅಪಾಯ ಇಳಿಜಾರಿನ ಜಲ್ಲಿ, ಲೈಟಿಲ್ಲದ ಸುರಂಗ, ಮತ್ತೆ ನಾಯಿ.

ನಾಯಿ ಅಟ್ಟಿಸಿಕೊಂಡು ಬಂದರೆ?

ನಿಲ್ಲಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಳ್ಳಿ. ಬಗ್ಗಿ ಕಲ್ಲು ಎತ್ತುವ ಹಾಗೆ ಮಾಡಿ, ಹತ್ತರಲ್ಲಿ ಒಂಬತ್ತು ಅಲ್ಲೇ ನಿಲ್ಲುತ್ತವೆ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಕೂಡಲೇ ಲಸಿಕೆಗೆ ಹೊರಡಬೇಕು. ಹೋಗುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದರೆ ತಲೆಬಿಸಿ ಅರ್ಧ ಕಮ್ಮಿ.

ಲಾರಿ ಹತ್ತಿದರೆ ಮೋಸ ಮಾಡಿದ ಹಾಗಾ?

ಯಾರಿಗೆ ಮೋಸ? ಚೀನಾದ ಲಾರಿಗಳು ಕುಲ್ಮಾ ಪಾಸ್ ಮೂಲಕ ಬಂದು ಮುರ್ಗಾಬ್-ಖೋರೋಗ್ ಕಡೆ ಓಡಾಡುತ್ತವೆ, ಹಂಚಿಕೊಳ್ಳುವ ಜೀಪುಗಳೂ ಇವೆ. ಎರಡನೇ ಸಲ ಎದುರುಗಾಳಿಗೆ ಸೋತು ನಾನು 60 ಕಿ.ಮೀ. ಜೀಪಿನಲ್ಲಿ ಹೋದೆ. ಮೊದಲ ಹತ್ತು ನಿಮಿಷ ಬೇಜಾರಾಯಿತು, ಆಮೇಲೆ ನಿದ್ದೆ ಬಂತು. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಫೋನು, ದುಡ್ಡು?

ಎಟಿಎಂ ಖೋರೋಗ್ ತನಕ. ಅಲ್ಲಿಂದ ಮುಂದಕ್ಕೆ ಬೇಕಾಗುವಷ್ಟು ಸೊಮೊನಿ (ತಜಿಕ್ ದುಡ್ಡು), ಚಿಕ್ಕ ನೋಟುಗಳಲ್ಲಿ, ಅಲ್ಲೇ ತೆಗೆದುಕೊಳ್ಳಿ. ಕಿರ್ಗಿಸ್ತಾನಕ್ಕೆ ಒಂದಿಷ್ಟು ಡಾಲರ್. ಫೋನ್ ಸಿಗ್ನಲ್ ಊರುಗಳಲ್ಲಿ ಮಾತ್ರ. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು ಹೋಗಿ.

ದಾರಿಯಲ್ಲಿ ಉಳಿದುಕೊಂಡ ಮನೆಯವರಿಗೆ ಫೋಟೋ ಕಳಿಸಬೇಕು ಅಂತಿದೆ. ಹೇಗೆ?

ಅಂಚೆ ನಂಬಬೇಡಿ. ಆ ದಾರಿಯಲ್ಲಿ ಪ್ರತಿ ಬೇಸಿಗೆ ಯಾರಾದರೂ ಸೈಕಲ್ಲಿನವರು ಹೋಗುತ್ತಲೇ ಇರುತ್ತಾರೆ, ಅವರ ಕೈಯಲ್ಲಿ ಪ್ರಿಂಟ್ ಹಾಕಿಸಿ ಕಳಿಸಿ. ಊರು, ಮನೆಯ ಗುರುತು ಫೋಟೋದ ಹಿಂದೆ ರಷ್ಯನ್ ಲಿಪಿಯಲ್ಲಿ ಬರೆಸಿದರೆ ಮೊದಲು ಸಿಕ್ಕ ಹುಡುಗನೇ ಕರೆದುಕೊಂಡು ಹೋಗುತ್ತಾನೆ. ನನ್ನ ಮೊದಲ ಪ್ರಯಾಣದ ಫೋಟೋಗಳನ್ನು ಎರಡನೇ ಸಲ ನಾನೇ ಒಯ್ದಿದ್ದೆ. ಆ ಕೆನೆ ಬಟ್ಟಲಿನ ಮನೆಗೆ ಬೀಗ ಇತ್ತು, ಬೇಸಿಗೆಗೆ ಯಾಕ್ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರಂತೆ. ಬಾಗಿಲ ಸಂದಿಯಲ್ಲಿ ಫೋಟೋ ತೂರಿಸಿ, ಕಿಟಕಿ ಕಟ್ಟೆ ಮೇಲೆ ಸಕ್ಕರೆ ಚೀಲ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ ಬಂದೆ.